ಹೊಸ್ತಿಲು ಹೊತ್ತ ದ್ಯಾಮವ್ವ

ಹೋದ ವಾರ ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಚೀಲದಿಂದ ಹೊಸ ಸೀರೆಯೊಂದನ್ನು ತೆಗೆದು ತೊಡೆಯ ಮೇಲೆ ಬಿಚ್ಚಿದಳು. ಮಗಳಿಗೆ ತಗೊಂಡಿದ್ದಂತೆ, ಸೆರಗನ್ನು ಮತ್ತೊಮ್ಮೆ ನೋಡಬೇಕು ಅನಿಸಿತಂತೆ. ಮಡಿಕೆ ಬಿಚ್ಚುತ್ತಲೇ ಗಂಜಿಯ ವಾಸನೆ ಬಂತು. ಗಂಜಿ, ಹಸಿ ಬಣ್ಣ, ಒಂದಿಷ್ಟು ಮಗ್ಗದ ಎಣ್ಣೆ... ಅಂಗಡಿಯಲ್ಲಿ ಬಹಳ ದಿನ ಕೂತ ಸೀರೆಗೆ ಈ ವಾಸನೆ ಇರುವುದಿಲ್ಲ. ಮಗ್ಗದಿಂದ ಇಳಿದು ಎರಡು ಮೂರು ದಿನವಷ್ಟೇ ಆಗಿರಬೇಕು. ಕಿಟಕಿಯಾಚೆ ಕಬ್ಬಿನ ಹೊಲಗಳು ಹಿಂದೆ ಓಡುತ್ತಿದ್ದವು. ನಾನು ಮಾತ್ರ ನಮ್ಮ ಎದುರು ಮನೆಯ ಪಡಸಾಲೆಯಲ್ಲಿ ನಿಂತಿದ್ದೆ.

ಎದುರು ಮನೆಯವರನ್ನು ನಾವೆಲ್ಲ ಕಾಕಾ ಅಂತಲೇ ಕರೆಯುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ. ಓಣಿಯ ನೇಕಾರರಿಗೆ ಸೀರೆಯ ಚಿತ್ತಾರ ಬರೆದು, ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದು ಕೊಡುವುದು ಅವರ ಕೆಲಸ. ಆ ಪಟ್ಟಿಗಳಿಗೆ ಎಲ್ಲರೂ ಕಾರ್ಡು ಅನ್ನುತ್ತಾರೆ. ತೂತು ಇದ್ದಲ್ಲಿ ಹಾಸಿನ ಉದ್ದ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ನಡುವೆ ಲಾಳಿ ಓಡುತ್ತದೆ. ಒಂದು ಕಾರ್ಡಿಗೆ ಹೊಕ್ಕಿನ ಅಡ್ಡ ಎಳೆ ಒಂದೇ. ಹೀಗೆ ಸಾವಿರಾರು ಕಾರ್ಡು ಹೊಲಿದು ಮಗ್ಗದ ಮೇಲೆ ತೂಗುಬಿಟ್ಟರೆ ಸೆರಗಿನಲ್ಲಿ ನವಿಲೊಂದು ಕುಣಿಯುತ್ತದೆ. ರಬಕವಿ-ಬನಹಟ್ಟಿಯಲ್ಲಿ ಎಷ್ಟು ಮದುವೆಗಳಲ್ಲಿ ಕಾಕಾನ ನವಿಲು ಕುಣಿದಿದೆಯೋ, ಉಟ್ಟವರಿಗೂ ಗೊತ್ತಿಲ್ಲ. ಸೀರೆಯ ಮೇಲೆ ಚಿತ್ತಾರದವನ ಹೆಸರು ಇರುವುದಿಲ್ಲವಲ್ಲ.

ಬಡಕಲು ಮನುಷ್ಯ. ಮಾತು ಕಡಿಮೆ. ಯಾವ ಸುದ್ದಿ ಹೇಳಿದರೂ 'ಆತು' ಅನ್ನುತ್ತಿದ್ದರು. ನನ್ನದು ತದ್ವಿರುದ್ಧ. ಆಗ ನನಗೆ ಇಪ್ಪತ್ತಾರು. ಜಮಖಂಡಿಯಲ್ಲಿ ಪ್ರದರ್ಶನ, ನಾಟಕಗಳ ಏರ್ಪಾಡು, ಅನುಮತಿ ನೋಡುವ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ವರ್ಷವಾಗಿತ್ತು. ಸಂಜೆ ಬಸ್ಸಿಳಿದವಳು ನಮ್ಮ ಮನೆಗೆ ಹೋಗುವ ಮೊದಲು ಎದುರು ಮನೆಗೆ ಹೊಕ್ಕು, ಕಚೇರಿಯ ಕಥೆಯನ್ನೆಲ್ಲ ಒದರಿ, ಕಾಕಾನ ಹೆಂಡತಿ ಕಾಕು ಕೊಟ್ಟ ಚಹಾ ಕುಡಿದೇ ಹೊರಬೀಳುತ್ತಿದ್ದೆ.

ಕಾಕುನ ತವರು ಬೀಳಗಿ ಕಡೆ, ಕೃಷ್ಣೆಯ ದಂಡೆಯ ಹಳ್ಳಿ. ಅಣೆಕಟ್ಟಿನ ಹಿನ್ನೀರು ಬಂದಾಗ ಆ ಊರು ಮುಳುಗಿತು. ಊರು ಬಿಡುವ ದಿನ ಕಾಕು ತವರಿನವರ ಜೊತೆ ಇರಬೇಕು ಅಂತ ಹೋಗಿದ್ದರಂತೆ. ಜನ ಮನೆಯ ಬಾಗಿಲು, ತೊಲೆ, ಕಿಟಕಿ ಎಲ್ಲ ಕಿತ್ತು ಹೇರಿಕೊಂಡಿದ್ದರು. ಊರದೇವಿ ದ್ಯಾಮವ್ವನ ಕಟ್ಟಿಗೆ ಮೂರ್ತಿಯನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿದ್ದರು. ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತುಹೋಯಿತು. ಆಗ ಹೆಣ್ಣುಮಕ್ಕಳೇ ಮೊಣಕಾಲುದ್ದದ ನೀರಿನಲ್ಲಿ ಸಾಲುಗಟ್ಟಿ, ದೇವಿಯನ್ನು ತಲೆಯಿಂದ ತಲೆಗೆ ಬದಲಿಸುತ್ತ ದಾಟಿಸಿದರು. ಕಾಕು ಇದನ್ನು ಎಷ್ಟೋ ಸಲ ಹೇಳಿದ್ದರು. ಪ್ರತಿ ಸಲವೂ ಕೊನೆಗೆ ಬರುತ್ತಿದ್ದುದು ಒಂದೇ ಮಾತು.

"ನಾವು ಆಕೀನ್ನ ಹೊತ್ಕೊಂಡ ಬಂದ್ವಿ ಅಂತಾರ ಎಲ್ಲಾರೂ. ನನಗ ಹಂಗ ಅನಸೂದಿಲ್ಲ. ಆಕೀನ ನಮ್ಮನೀ ಹೊಸ್ತಿಲಾ ಹೊತ್ಕೊಂಡ ಮುಂದ ನಡದಂಗಿತ್ತು."

ಒಂದು ಭಾನುವಾರ ಕಾಕಾ ನನ್ನನ್ನು ಕರೆದು ಮಗ್ಗದ ಮೇಲಿನ ಅರಿವೆ ತೋರಿಸಿದರು. ನಡುವೆ ದ್ಯಾಮವ್ವ. ದೊಡ್ಡ ಕಣ್ಣು, ಮೂಗುತಿ, ಹಣೆತುಂಬ ಕುಂಕುಮ. ತಲೆಯ ಮೇಲೆ ಅಡ್ಡಲಾಗಿ ಮನೆಯ ಹೊಸ್ತಿಲು, ಸೊಂಟದ ಮೇಲೊಂದು ಕೂಸು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ನೀರಿನಲ್ಲಿ ನಡೆಯುತ್ತಿದ್ದಾಳೆ. ಹಿಂದೆ ಹೆಣ್ಣುಮಕ್ಕಳ ಸಾಲು, ಒಬ್ಬೊಬ್ಬರ ತಲೆಯ ಮೇಲೆ ಬಾಗಿಲು, ಬೀಸುಕಲ್ಲು, ತೊಟ್ಟಿಲು. ನೀರಿನೊಳಗೆ ಮನೆಗಳ ಮಾಳಿಗೆ ಮಸುಕಾಗಿ ಕಾಣುತ್ತಿತ್ತು. ಊರು ಬಿಟ್ಟ ದಿನ ಕಾಕು ಉಟ್ಟಿದ್ದ ಹಸಿರು ಸೀರೆ ಹರಿದುಹೋಗಿತ್ತಂತೆ. ಅದರ ಎಳೆ ಬಿಡಿಸಿ ದ್ಯಾಮವ್ವನ ಸೀರೆಯ ಭಾಗಕ್ಕೆ ಹೊಕ್ಕಾಗಿ ಹಾಕಿದ್ದರು. ಎರಡು ವರ್ಷದಿಂದ ಬಿಡುವಿದ್ದಾಗಲೆಲ್ಲ ಮಾಡಿದ ಕೆಲಸ ಅದು. ನಮ್ಮ ಮನೆಯಿಂದ ಹತ್ತು ಹೆಜ್ಜೆಯಲ್ಲಿ ನಡೆದಿದ್ದರೂ ನನಗೆ ಸುಳಿವಿರಲಿಲ್ಲ.

ಮುಂದಿನ ತಿಂಗಳು ಜಮಖಂಡಿಯಲ್ಲಿ ಕೈಮಗ್ಗದ ಪ್ರದರ್ಶನವಿತ್ತು. ಏರ್ಪಾಡು ನಮ್ಮ ಕಚೇರಿಯದೇ. ಇದನ್ನು ಅಲ್ಲಿ ಇಡಲೇಬೇಕು ಅಂತ ನಾನು ಗಂಟುಬಿದ್ದೆ. ಕಾಕಾಗೆ ಅಷ್ಟೇನೂ ಮನಸ್ಸಿರಲಿಲ್ಲ. ಕಾಕುಗೆ ತೋರಿಸಲು ಮಾಡಿದ್ದು, ಆಕೆ ನೋಡಿಯಾಯಿತು ಅಂದರು. ಕಾಕುನೇ ನನ್ನ ಪರ ನಿಂತು ಒಪ್ಪಿಸಿದರು.

ಪ್ರದರ್ಶನದ ಮೊದಲ ದಿನ ಆ ಗೋಡೆಯ ಮುಂದೆ ಜನ ಸರಿಯಲೇ ಇಲ್ಲ! ಮುಧೋಳದಿಂದ ಬಂದಿದ್ದ ಕಾಲೇಜು ಹುಡುಗಿಯರು ಹತ್ತಿರ ಹೋಗಿ ಎಳೆ ಎಣಿಸುತ್ತಿದ್ದರು. ಬೀಳಗಿ ಕಡೆಯ ಒಬ್ಬ ಮುದುಕ ಮುಳುಗಿದ ಮಾಳಿಗೆಗಳಲ್ಲಿ ತನ್ನ ಮನೆ ಹುಡುಕುತ್ತಿದ್ದ. ನಾನು ಬಂದವರಿಗೆಲ್ಲ ವಿವರಿಸಿ ವಿವರಿಸಿ ಗಂಟಲು ಕಟ್ಟಿಸಿಕೊಂಡೆ. ಕಾಕಾ ಮೂಲೆಯ ಕುರ್ಚಿಯಲ್ಲಿ ಕೂತು, ಜನ ಚಿತ್ರ ನೋಡುವುದನ್ನು ನೋಡುತ್ತಿದ್ದರು.

ಅವರಲ್ಲೇ ಯಾರೋ ಫೋಟೋ ತೆಗೆದಿದ್ದರು. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಅದು ಎಲ್ಲರ ಫೋನಿಗೂ ಬಂದಿತ್ತು. ಚಿತ್ರವನ್ನು ಸುತ್ತಲೂ ಕತ್ತರಿಸಿದ್ದರು. ನೀರಿಲ್ಲ, ಮುಳುಗಿದ ಊರಿಲ್ಲ, ಹಿಂದಿನ ಹೆಣ್ಣುಮಕ್ಕಳಿಲ್ಲ. ಇದ್ದದ್ದು ತಲೆಮೇಲೆ ಕಟ್ಟಿಗೆ ಹೊತ್ತು, ಮೊಣಕಾಲು ತೋರಿಸಿಕೊಂಡು ನಿಂತ ದ್ಯಾಮವ್ವ ಒಬ್ಬಳೇ. ಕೆಳಗೆ, ನಮ್ಮ ದೇವಿಯನ್ನು ಕೂಲಿಯಾಳು ಮಾಡಿದ್ದಾರೆ, ಇದನ್ನು ಸಹಿಸಬೇಕೆ ಎಂಬ ಬರಹ. ಹನ್ನೊಂದು ಗಂಟೆಗೆ ಆರೇಳು ಜನ ಕಚೇರಿಗೆ ಬಂದರು. ಮುಂದಾಳು ಒಬ್ಬ ತರುಣ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅರ್ಜಿಯನ್ನು ಮೇಜಿನ ಮೇಲಿಟ್ಟು, ಭಕ್ತರ ಭಾವನೆಗೆ ನೋವಾಗಿದೆ, ಸಂಜೆಯೊಳಗೆ ತೆಗೆಯದಿದ್ದರೆ ಮುಂದಿನದಕ್ಕೆ ನೀವೇ ಹೊಣೆ ಅಂದ.

ನಮ್ಮ ಸಾಹೇಬರು ಕೆಟ್ಟವರಲ್ಲ. ಹಿಂದಿನ ದಿನ ತಾವೇ ಆ ಚಿತ್ರದ ಮುಂದೆ ಕಾಲು ಗಂಟೆ ನಿಂತಿದ್ದರು. ಆದರೆ ಫೋನಿನ ಮೇಲೆ ಫೋನು ಬರತೊಡಗಿತು. ಕಾಕಾನನ್ನು ಕರೆಸಿ ಕೂರಿಸಿ, ಒಂದಿಷ್ಟು ತಿದ್ದಿದರೆ ಎಲ್ಲಾ ಮುಗಿಯುತ್ತದೆ ಅಂತ ಸಮಾಧಾನದಿಂದಲೇ ಹೇಳಿದರು. ಹೊಸ್ತಿಲು ತೆಗೆದು ಕಿರೀಟ ಇಡಬಹುದು, ಸೀರೆಯನ್ನು ಪಾದದವರೆಗೆ ಇಳಿಸಬಹುದು.

ಕಾಕಾ ಬಹಳ ಹೊತ್ತು ಯೋಚಿಸಿದರು. ಚಿತ್ತಾರ ತಿದ್ದಲು ಗಿರಾಕಿ ಹೇಳಿದಾಗ ಯೋಚಿಸುವ ಹಾಗೆಯೇ, ತಲೆ ಓರೆ ಮಾಡಿಕೊಂಡು. ಆಮೇಲೆ ಅಂದರು, "ಸೀರಿ ಇಳಿಸಿದ್ರ ನೀರಾಗ ತೊಯ್ತೈತಲ್ರಿ ಸಾಹೇಬ್ರ."

ವ್ಯಂಗ್ಯದ ಮಾತಲ್ಲ. ನಿಜವಾಗಿಯೂ ಅದೇ ಅವರ ಅಡಚಣೆ. ಸಾಹೇಬರು ನನ್ನ ಕಡೆ ತಿರುಗಿ, ಪತ್ರ ಟೈಪ್ ಮಾಡು ಅಂದರು.

ಆ ಪತ್ರ ಟೈಪ್ ಮಾಡಿದವಳು ನಾನೇ. ವಿಚಾರಣೆ ಮುಗಿಯುವವರೆಗೆ ಅರಿವೆಯನ್ನು ಕಚೇರಿಯ ವಶದಲ್ಲಿ ಇಡತಕ್ಕದ್ದು. ಈ ಅರಿವೆಯನ್ನಾಗಲಿ ಇಂಥ ಇನ್ನೊಂದನ್ನಾಗಲಿ ಸಾರ್ವಜನಿಕವಾಗಿ ಪ್ರದರ್ಶಿಸುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ... ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು, ನನಗೆ ಕಾಕಾನ ಮುಖ ನೋಡಲಾಗಲಿಲ್ಲ. ಅವರು ಪತ್ರವನ್ನು ಎರಡು ಸಲ ಓದಿ, ಮೆಲ್ಲಗೆ ನನ್ನನ್ನೇ ಕೇಳಿದರು, "ಪ್ರದರ್ಶನ ಅಂದ್ರ ಗ್ವಾಡಿಗೆ ತೂಗಹಾಕೂದ, ಅಷ್ಟ ಹೌದಲ್ಲವಾ?" ಹೌದು ಅಂದೆ. ಸಹಿ ಹಾಕಿದರು. ಅರಿವೆ ಮಡಿಕೆಯಾಗಿ ಕಪಾಟು ಸೇರಿತು, ಬೀಗ ಬಿತ್ತು.

ಆ ದಿನ ಬಸ್ಸಿನಲ್ಲಿ ಇಬ್ಬರೂ ಜೊತೆಗೇ ಬಂದೆವು. ಆಮೇಲಿನ ನಾಲ್ಕು ದಿನ ನಾನು ಎದುರು ಮನೆಗೆ ಕಾಲಿಡಲಿಲ್ಲ. ಪ್ರದರ್ಶನಕ್ಕೆ ಇಡಿ ಅಂತ ಕಾಡಿದವಳೂ ನಾನು, ತೆಗೆಯುವ ಪತ್ರ ಟೈಪ್ ಮಾಡಿದವಳೂ ನಾನು. ಯಾವ ಮುಖ ಹೊತ್ತು ಹೋಗಲಿ?

ಐದನೆಯ ದಿನ ಬೆಳಿಗ್ಗೆ ಕಾಕಾ ತಾವೇ ಬಾಗಿಲಿಗೆ ಬಂದು ಕರೆದರು. ಹೋದೆ. ಪಡಸಾಲೆಯಲ್ಲಿ ಮಗ್ಗದ ಮೇಲಿನಿಂದ ಕಾರ್ಡುಗಳ ಉದ್ದನೆಯ ಸರ ಇಳಿಬಿದ್ದಿತ್ತು. ಬೆಳಕು ತೂತುಗಳೊಳಗಿಂದ ತೂರಿ ನೆಲದ ಮೇಲೆ ಚುಕ್ಕಿ ಚೆಲ್ಲಿತ್ತು.

"ಅವ್ರು ಅರಿವಿ ಒಯ್ದಾರ," ಅಂದರು ಕಾಕಾ. "ಚಿತ್ರ ಇಲ್ಲೇ ಐತಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕುಣಿಯುವುದೊಂದು ಬಾಕಿ! ಹುಟ್ಟಿದಾಗಿನಿಂದ ನೇಕಾರರ ಓಣಿಯಲ್ಲಿ ಬೆಳೆದವಳು, ಇಷ್ಟು ಸರಳ ವಿಷಯ ಹೊಳೆದಿರಲಿಲ್ಲವಲ್ಲ. ಕಾರ್ಡು ಇರುವವರೆಗೆ ದ್ಯಾಮವ್ವ ಎಷ್ಟು ಸಲ ಬೇಕಾದರೂ ನಡೆದು ಬರುತ್ತಾಳೆ. ಆದರೆ ಒಪ್ಪಿಗೆ ಪತ್ರ? ಅದನ್ನೂ ಕಾಕಾ ಯೋಚಿಸಿದ್ದರು. ಗೋಡೆಗೆ ತೂಗುಹಾಕುವ ಅರಿವೆ ನೇಯುವುದಿಲ್ಲ. ಸೀರೆ ನೇಯುವುದು, ಸೆರಗಿನಲ್ಲಿ ಈ ಚಿತ್ರ. ಸೀರೆ ಉಡುವುದಕ್ಕಿರುವುದು. ಉಟ್ಟ ಸೀರೆಗೆ ಪ್ರದರ್ಶನ ಅನ್ನುವವರು ಯಾರು? ಉಡುವವರನ್ನು ಕಾಕು ಆಗಲೇ ಹುಡುಕಿದ್ದರು. ಅವರ ತವರಿನ ಜನ ಈಗಿರುವ ಪುನರ್ವಸತಿ ಊರಿಗೆ ಹೋಗಿ, ಅವತ್ತು ನೀರಿನಲ್ಲಿ ನಡೆದಿದ್ದ ಹೆಣ್ಣುಮಕ್ಕಳಲ್ಲಿ ಹದಿಮೂರು ಜನರ ಒಪ್ಪಿಗೆ ತಂದಿದ್ದರು, ತಾವೂ ಸೇರಿ ಹದಿನಾಲ್ಕು.

ವಿಚಾರಣೆಯ ದಿನ ಎರಡು ಸಲ ಮುಂದೆ ಹೋಯಿತು. ನಮಗೆ ಅದೇ ಅನುಕೂಲವಾಯಿತು. ಒಂದೇ ಮಗ್ಗದಲ್ಲಿ ಅಷ್ಟು ಸೀರೆ ಆಗುವುದಿಲ್ಲ. ಓಣಿಯ ಇನ್ನಿಬ್ಬರು ನೇಕಾರರು ತಮ್ಮ ಮಗ್ಗ ಬಿಟ್ಟುಕೊಟ್ಟರು. ಅವಕ್ಕೆ ಬೇರೆ ಕಾರ್ಡು ಬೇಕಿತ್ತು. ಪ್ರತಿ ಭಾನುವಾರ ನಾನು ಚಿತ್ತಾರ ಬರೆದ ಚೌಕುಳಿ ಹಾಳೆ ಮುಂದಿಟ್ಟುಕೊಂಡು ಓದುತ್ತಿದ್ದೆ. ಎರಡು ಹಿಡಿ, ಮೂರು ಬಿಡು, ಒಂದು ಹಿಡಿ, ಐದು ಬಿಡು. ಹಿಡಿ ಅಂದಲ್ಲಿ ಕಾಕಾ ತೂತು ಹೊಡೆಯುತ್ತಿದ್ದರು. ಸರ್ಕಾರಿ ನೌಕರಿಯವಳು ನಾನು, ತಿಳಿದರೆ ಏನಾಗುತ್ತದೆ ಅಂತ ಅವ್ವ ದಿನವೂ ಎಚ್ಚರಿಸುತ್ತಿದ್ದಳು. ನನಗೆ ಭಯ ಇರಲಿಲ್ಲ ಅಂದರೆ ಸುಳ್ಳು. ಆದರೆ ಹಾಳೆಯ ಮೇಲೆ ದ್ಯಾಮವ್ವನ ಕಣ್ಣಿನ ಸಾಲು ಬಂದ ದಿನ ಎಂಥ ಹುರುಪು! ಒಂದು ಚೌಕ ತಪ್ಪಿ ಓದಿದರೆ ಕಣ್ಣು ಓರೆಯಾಗುತ್ತದೆ. ಆ ಸಾಲುಗಳನ್ನು ಉಸಿರು ಬಿಗಿಹಿಡಿದು ಮೂರು ಮೂರು ಸಲ ಓದಿದೆ. ನೂಲನ್ನು ಓಣಿಯ ಪ್ರತಿ ಮನೆಯಿಂದ ಉಳಿದದ್ದು ಬಳಿದದ್ದು ಅಂತ ಕೂಡಿಸಿದ್ದರಿಂದ ಒಂದೊಂದು ಸೀರೆಯ ಮೈಬಣ್ಣ ಒಂದೊಂದು. ಒಂದು ಕೆಂಪು, ಒಂದು ಗಿಳಿಹಸಿರು, ಇನ್ನೊಂದು ಬದನೆಕಾಯಿ ಬಣ್ಣ. ಸೆರಗು ಮಾತ್ರ ಎಲ್ಲದಕ್ಕೂ ಒಂದೇ.

ವಿಚಾರಣೆಯ ದಿನ ನನ್ನ ಕೆಲಸ ಎರಡೂ ಕಡೆಯವರ ಹೇಳಿಕೆ ಬರೆದುಕೊಳ್ಳುವುದು. ಬಿಳಿ ಅಂಗಿಯ ತರುಣ ಇಬ್ಬರು ಗೆಳೆಯರ ಜೊತೆ ಸಮಯಕ್ಕೆ ಸರಿಯಾಗಿ ಬಂದ. ಕಾಕಾ ಗೋಡೆಯ ಪಕ್ಕ ಕೂತಿದ್ದರು. ಅಷ್ಟರಲ್ಲಿ ಹೊರಗೆ ಟೆಂಪೋ ನಿಂತ ಸದ್ದಾಯಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಇಳಿದರು, ಕೊನೆಯವರು ಕಾಕು. ತಲೆಯ ಮೇಲೆ ಹೊದ್ದ ಸೆರಗನ್ನು ಬೆನ್ನ ತುಂಬ ಅಗಲವಾಗಿ ಇಳಿಬಿಟ್ಟಿದ್ದರು. ಮೆಟ್ಟಿಲು ಹತ್ತಲು ತಿರುಗಿದರು ನೋಡಿ... ಹದಿನಾಲ್ಕು ಬೆನ್ನ ಮೇಲೆ ಹದಿನಾಲ್ಕು ದ್ಯಾಮವ್ವ! ಹದಿನಾಲ್ಕು ಹೊಸ್ತಿಲು ಹೊತ್ತು ಸಾಲಾಗಿ ನಮ್ಮ ಕಚೇರಿಗೆ ಬರುತ್ತಿದ್ದರು.

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಯಾರು ನೀವು ಅಂತ ಕೇಳಿದರು. ಮುಂದೆ ನಿಂತಿದ್ದವಳು ಕಾಕುನ ಚಿಗವ್ವ, ಅಂದರೆ ಚಿಕ್ಕಮ್ಮ, ಎಲ್ಲರಿಗಿಂತ ಹಿರಿಯಳು. ಭಕ್ತರಿಗೆ ನೋವಾಗಿದೆ ಅಂತ ಅರ್ಜಿಯಲ್ಲಿ ಬರೆದಿದೆಯಂತೆ, ನಾವು ಆ ದ್ಯಾಮವ್ವನ ಊರಿನವರು, ನಮ್ಮನ್ನು ಯಾರೂ ಕೇಳಲಿಲ್ಲ, ಅದಕ್ಕೆ ನಾವೇ ಹೇಳಿ ಹೋಗಲು ಬಂದೆವು ಅಂದಳು. ಆಮೇಲೆ ತರುಣನ ಕಡೆ ತಿರುಗಿ, ನಿಂದು ಯಾವ ಊರಪ್ಪಾ ಅಂತ ಕೇಳಿದಳು. ಅವನು ಜಮಖಂಡಿ ಅಂದ. ದೇವಿ ಎಲ್ಲರಿಗೂ ದೇವಿಯೇ, ಆಕೆಯ ಮೊಣಕಾಲು ತೋರಿಸುವುದು ಸರಿಯೇ ಅಂತ ಅವನೂ ಕೇಳಿದ. ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ.

"ತಮ್ಮಾ, ಅವತ್ತ ಆ ನೀರಾಗ ಯಾ ಹೆಣಮಗಳ ಮೊಣಕಾಲ ಮುಚ್ಚಿತ್ತು?" ಅಂದಳು ಚಿಗವ್ವ. "ನಾವೆಲ್ಲಾ ಸೀರಿ ಎತ್ತಿ ಕಟ್ಟಿ ನಡದ್ವಿ. ಆಕಿ ಒಬ್ಬಾಕಿ ಒಣಗಿದ ಸೀರಿ ಉಟ್ಟ ನಿಂತಿದ್ಲು ಅಂದ್ರ, ನಮ್ಮ ಕೂಡ ಇದ್ಲು ಅಂತ ಹೆಂಗ ನಂಬೂದು?"

ಸಾಹೇಬರು ಕಡತ ತೆರೆದು, ಭಾವನೆಗಳೇನೇ ಇರಲಿ, ಈ ಚಿತ್ರ ಸಾರ್ವಜನಿಕವಾಗಿ ಪ್ರದರ್ಶಿಸಬಾರದು ಅಂತ ಪತ್ರವಿದೆ ಅಂದರು. ಚಿಗವ್ವ ತನ್ನ ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದಳು.

"ನಾವು ಸೀರಿ ಉಟ್ಟೇವ್ರಿ. ಇದನ್ನೂ ಬಿಚ್ಚಿ ಕಪಾಟಿನ್ಯಾಗ ಇಡಬೇಕೇನ್ರಿ?"

ಸಾಹೇಬರ ಕಿವಿ ಕೆಂಪಾದವು. ಬಿಳಿ ಅಂಗಿಯವನು ತಲೆ ತಗ್ಗಿಸಿದ. ಅವನ ಗೆಳೆಯನೊಬ್ಬ ಮಾತ್ರ ಚಿಗವ್ವನ ಸೆರಗನ್ನೇ ನೋಡುತ್ತ, ಆ ನೀರಿನ ಕೆಳಗೆ ಕಾಣುವುದು ಏನು ಅಂತ ಕೇಳಿದ. ನಮ್ಮ ಮನೆಗಳು ಅಂದಳು ಚಿಗವ್ವ. ಫೋಟೋದಲ್ಲಿ ಇದು ಇರಲಿಲ್ಲ ಅಂದ ಅವನು. ಅಷ್ಟೇ. ಕ್ಷಮೆಯಿಲ್ಲ, ಅರ್ಜಿ ವಾಪಸಿಲ್ಲ. ಎದ್ದು ಹೋದರು.

ಹದಿನಾಲ್ಕು ಜನ ಹೇಳಿಕೆ ಕೊಟ್ಟರು. ಆಕ್ಷೇಪಣೆ ಇಲ್ಲ ಅಂತ ಒಂದೇ ಸಾಲು ಬರೆದರೆ ಸಾಕು ಅಂದಿದ್ದರು ಸಾಹೇಬರು. ಅಷ್ಟರಲ್ಲಿ ನಾನು ಚಿಗವ್ವನ ಮಾತನ್ನು ಆಕೆ ಆಡಿದ ಹಾಗೆಯೇ ಟೈಪ್ ಮಾಡಿ ಮುಗಿಸಿದ್ದೆ. ಪ್ರಿಂಟ್ ತೆಗೆದು ಮುಂದಿಟ್ಟೆ. ಅವರು ಪೂರ್ತಿ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಸಹಿ ಹಾಕಿದರು. ಆ ಸಹಿಯ ಕೆಳಗೆ ಹೆಬ್ಬೆಟ್ಟುಗಳ ಸಾಲು... ನನ್ನ ನೌಕರಿಯಲ್ಲಿ ಅಂಥ ಕಾಗದ ಮತ್ತೊಂದನ್ನು ನೋಡಿಲ್ಲ.

ಹೊರಗೆ ಬಂದಾಗ ಟೆಂಪೋದಲ್ಲಿ ನಗುವೋ ನಗು. ಕಾಕಾ ಮಾತ್ರ ಕೆಳಗೆ ನಿಂತು, ಬದನೆಕಾಯಿ ಬಣ್ಣದ ಸೀರೆಯ ಸೆರಗಿನಲ್ಲಿ ಒಂದು ಎಳೆ ಜಾರಿದ್ದನ್ನು ಉಗುರಿನಿಂದ ಸರಿಮಾಡುತ್ತಿದ್ದರು. ಚಿಗವ್ವನ ಮಾತು ಕಡತ ಸೇರಿತು, ಸೀರೆ ಯಾರೂ ಬಿಚ್ಚಿಸಲಿಲ್ಲ, ಗೆದ್ದೆವಲ್ಲ ಕಾಕಾ ಅಂದೆ. "ಆತು," ಅಂದರು. ಆದರೆ ಆ ಸಲದ 'ಆತು' ಬೇರೆ ಥರ ಕೇಳಿಸಿತು.

ಮೊದಲ ಅರಿವೆ ಮಾತ್ರ ಕೈಗೆ ಬರಲಿಲ್ಲ. ಮೇಲಿನಿಂದ ಆದೇಶ ಬರಬೇಕು ಅಂದರು, ಬರಲಿಲ್ಲ. ಮೂರು ವರ್ಷದ ಮೇಲೆ ಕಚೇರಿ ಬೇರೆ ಕಟ್ಟಡಕ್ಕೆ ಹೋಗುವಾಗ ಆ ಕಪಾಟನ್ನು ನಾನೇ ನಿಂತು ಖಾಲಿ ಮಾಡಿಸಿದೆ. ಅರಿವೆ ಅದರಲ್ಲಿ ಇರಲಿಲ್ಲ. ಯಾರು ಒಯ್ದರು, ಎಲ್ಲಿ ಹೋಯಿತು... ಇವತ್ತಿಗೂ ತಿಳಿದಿಲ್ಲ. ಹೇಳಿದಾಗ ಕಾಕಾ ಎದ್ದು ಹಿತ್ತಲಿಗೆ ಹೋದರು. ಕಾರ್ಡಿನಿಂದ ಎಷ್ಟು ದ್ಯಾಮವ್ವ ಬೇಕಾದರೂ ಬರುತ್ತಿದ್ದಳು, ಕಾಕುನ ಆ ಹಸಿರು ಸೀರೆಯ ಎಳೆ ಎಲ್ಲಿಂದ ಬರಬೇಕು? ನಾನು ಚಹಾ ಕುಡಿಯದೆ ಮನೆಗೆ ಬಂದೆ.

ಕಾಕಾ ತೀರಿಹೋಗಿ ನಾಲ್ಕು ವರ್ಷವಾಯಿತು. ಕಾಕು ತೇರದಾಳದಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಅದೇ ಇಲಾಖೆಯಲ್ಲಿ ಒಂದೆರಡು ಮೆಟ್ಟಿಲು ಮೇಲೇರಿದ್ದೇನೆ. ಈಗ ಅರ್ಜಿಗಳು ನನ್ನ ಮೇಜಿಗೇ ಬರುತ್ತವೆ.

ಹೋದ ತಿಂಗಳು ಅಂಥದೊಂದು ಬಂತು. ಮುಧೋಳ ಕಡೆಯ ಕಾಲೇಜು ಹುಡುಗಿಯರು ಕಬ್ಬು ಕಡಿಯುವ ಹೆಣ್ಣುಮಕ್ಕಳ ಮೇಲೆ ನಾಟಕ ಕಟ್ಟಿದ್ದಾರೆ. ಅದು ಊರಿನ ಮರ್ಯಾದೆ ಕಳೆಯುತ್ತದೆ, ಅನುಮತಿ ಕೊಡಬೇಡಿ ಅಂತ ತಕರಾರು. ಕಡತದ ಮೇಲೆ ನಾನು ಬರೆದದ್ದು ಇಷ್ಟೇ. ನಾಟಕ ಯಾರ ಬಗ್ಗೆ ಇದೆಯೋ ಅವರನ್ನು ಮೊದಲು ಕರೆಸಿ ತೋರಿಸತಕ್ಕದ್ದು. ಕಬ್ಬಿನ ಹೊಲದಿಂದ ಒಂಬತ್ತು ಜನ ಹೆಣ್ಣುಮಕ್ಕಳು ಬಂದರು. ಕಾಲೇಜಿನ ಅಂಗಳದಲ್ಲಿ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಪೂರ್ತಿ ನಾಟಕ ನೋಡಿದರು. ಮುಗಿದ ಮೇಲೆ ಏನಾದರೂ ತಿದ್ದಬೇಕೇ ಅಂತ ಕೇಳಿದೆ. ಒಬ್ಬಳು ಎದ್ದು ನಿಂತು, ಆ ಕರಿ ಚೂಡಿದಾರದ ಹುಡುಗಿ ಕುಡಗೋಲು ಹಿಡಿದಿರುವುದು ತಪ್ಪು, ಹಾಗೆ ಹಿಡಿದರೆ ಬೆರಳು ಹೋಗುತ್ತದೆ ಅಂದಳು. ತಾನೇ ಮುಂದೆ ಹೋಗಿ ಹುಡುಗಿಯ ಕೈ ಹಿಡಿದು, ಬಗ್ಗಿಸಿ, ಒಂದೇ ಏಟಿಗೆ ಹೇಗೆ ಕಡಿಯಬೇಕು ಅಂತ ತೋರಿಸಿದಳು. ಅಂಗಳವೆಲ್ಲ ಚಪ್ಪಾಳೆ!

ಅನುಮತಿಗೆ ಸಹಿ ಹಾಕಿ ಸಂಜೆಯ ಬಸ್ಸಿಗೆ ಬನಹಟ್ಟಿಗೆ ಬಂದೆ. ಓಣಿಗೆ ತಿರುಗುವಾಗ ಹೆಜ್ಜೆ ತಾನಾಗಿ ಜೋರಾಯಿತು. ಹೊಟ್ಟೆಯಲ್ಲಿ ಕಥೆ ತುಂಬಿಕೊಂಡಿತ್ತು, ಕುಡಗೋಲಿನ ಮಾತನ್ನು ಮೊದಲು ಹೇಳಬೇಕೋ ಕೊನೆಗೆ ಹೇಳಬೇಕೋ ಅಂತ ಯೋಚಿಸುತ್ತ ಬಂದಿದ್ದೆ. ಎದುರು ಮನೆಯ ಮುಂದೆ ನಿಂತ ಮೇಲೆ ನೆನಪಾಯಿತು. ಇಷ್ಟನ್ನೂ ಕೇಳಿ, ಒಂದೇ ಮಾತಿನಲ್ಲಿ ಮುಗಿಸಿಬಿಡುವ ಮನುಷ್ಯ ಅಲ್ಲಿ ಇಲ್ಲ.